ಬಳಸಿದ ಸ್ಪೋರ್ಟ್ಸ್ ಕಾರಿನ ಪರಿಶೀಲನೆ ಮತ್ತು ಟೆಸ್ಟ್ ಡ್ರೈವ್

ಬೇರೆಯವರು ಓಡಿಸಿದ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಮುಂಚೆ ಅದರ ಕಾಗದಪತ್ರ, ಬಾಡಿ, ಎಂಜಿನ್, ಓಟ ಇವುಗಳನ್ನು ಒರೆಗೆ ಹಚ್ಚಿ ನೋಡುವ ಕ್ರಮ. ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರಿನ ಪರೀಕ್ಷೆಗಿಂತ ಇದು ಎರಡು ಬಗೆಯಲ್ಲಿ ಬೇರೆ. ಮನೆಮಂದಿ ಓಡಾಡುವ ಕಾರು ಎಷ್ಟು ಸವೆದಿದೆ ಎಂಬುದನ್ನು ಓಡಿದ ಕಿಲೋಮೀಟರಿನಿಂದ ಬಹುಮಟ್ಟಿಗೆ ಊಹಿಸಬಹುದು. ಸ್ಪೋರ್ಟ್ಸ್ ಕಾರಿನಲ್ಲಿ ಆ ಲೆಕ್ಕ ಕೈಕೊಡುತ್ತದೆ. ರೇಸ್ ಟ್ರ್ಯಾಕಿಗೆ ಹೋಗಿಬಂದು ರೂಢಿಯಾದದ್ದು 20,000 ಕಿಲೋಮೀಟರಿಗೇ ಸೋತಿರಬಹುದು, ಹೆದ್ದಾರಿಯಲ್ಲಿ ನೆಟ್ಟಗೆ ಓಡಿದ್ದು 1,50,000 ದಾಟಿಯೂ ಗಟ್ಟಿಮುಟ್ಟಾಗಿರಬಹುದು. ಎರಡನೆಯ ವ್ಯತ್ಯಾಸ ಕೊಳ್ಳುವವನ ಮನಸ್ಸಿನಲ್ಲಿದೆ. ಸ್ಪೋರ್ಟ್ಸ್ ಕಾರನ್ನು ಅಗತ್ಯಕ್ಕೆ ಕೊಳ್ಳುವವರು ಕಡಿಮೆ, ಆಸೆಪಟ್ಟು ಕೊಳ್ಳುವವರೇ ಹೆಚ್ಚು. ಒಮ್ಮೆ ಸ್ಟಿಯರಿಂಗ್ ಹಿಡಿದು ಆಕ್ಸಿಲರೇಟರ್ ಒತ್ತಿದನೆಂದರೆ ಆಸೆಪಟ್ಟವನಿಗೆ ಕೊರತೆ ಕಾಣುವುದು ನಿಂತುಹೋಗುತ್ತದೆ. ಇಡೀ ಪರೀಕ್ಷೆಯಲ್ಲಿ ಟೆಸ್ಟ್ ಡ್ರೈವಿನಷ್ಟು ಖುಷಿ ಕೊಡುವ ಭಾಗ ಇನ್ನೊಂದಿಲ್ಲ, ಅದರಷ್ಟು ಕಡಿಮೆ ಸುದ್ದಿ ಕೊಡುವುದೂ ಇನ್ನೊಂದಿಲ್ಲ. ಜೇಬಿಗೆ ಭಾರವಾಗುವ ದೋಷಗಳಲ್ಲಿ ಬಹುಪಾಲು ಹತ್ತು ಹದಿನೈದು ನಿಮಿಷದ ಓಟದಲ್ಲಿ ತಿಳಿಯುವಂಥವಲ್ಲ. ಹಾಗಾಗಿ ಅದನ್ನು ಕೊನೆಗಿಟ್ಟುಕೊಳ್ಳುವುದೇ ಸರಿ. ನಡೆಯುವುದು ಮಾತ್ರ ಸಾಮಾನ್ಯವಾಗಿ ಇದರ ತಿರುಗುಮುರುಗು.

ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂಬುದು ಈ ವ್ಯಾಪಾರದ ಮೂಲ ತೊಡಕು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧಕ್ಕೆ ಹಳೆಯ ಕಾರುಗಳ ಮಾರುಕಟ್ಟೆಯೇ ಮುಖ್ಯ ನಿದರ್ಶನ. ಒಳ್ಳೆಯ ಕಾರನ್ನೂ ಕೆಟ್ಟ ಕಾರನ್ನೂ ಗಿರಾಕಿ ಬೇರ್ಪಡಿಸಲಾರ. ಆದ್ದರಿಂದ ಎರಡಕ್ಕೂ ನಡುಮಟ್ಟದ ಬೆಲೆಯನ್ನೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಸರಕೇ ಎಂಬುದು ಅವರ ವಾದದ ತಿರುಳು. ಈ ಬಗೆಯ ಕೆಲಸಕ್ಕಾಗಿ 2001ರಲ್ಲಿ ಅವರು ಇನ್ನಿಬ್ಬರೊಂದಿಗೆ ನೊಬೆಲ್ ಸ್ಮಾರಕ ಪ್ರಶಸ್ತಿಯನ್ನು ಹಂಚಿಕೊಂಡರು. ಪರಿಶೀಲನೆಯ ಉದ್ದೇಶ ಈ ಅಂತರವನ್ನು ತಕ್ಕಮಟ್ಟಿಗೆ ಕಿರಿದಾಗಿಸುವುದು. ಪೂರ್ತಿ ಮುಚ್ಚಲು ಯಾರಿಂದಲೂ ಆಗದು.

ಮಜ್ದಾ ಎಂಎಕ್ಸ್-5: ಒಂದು ನಿದರ್ಶನ

ಈ ವಿಷಯಕ್ಕೆ ಮಜ್ದಾ ಎಂಎಕ್ಸ್-5ಕ್ಕಿಂತ ಒಳ್ಳೆಯ ಪಾಠದ ಕಾರು ಸಿಗುವುದು ಕಷ್ಟ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಎರಡೇ ಸೀಟಿನ, ತೆರೆದ ಮೇಲ್ಛಾವಣಿಯ ಈ ಕಾರು ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ತೂಕ ಒಂದು ಟನ್ನಿನ ಆಸುಪಾಸು. ಕಳೆದ ಶತಮಾನದ ಅರುವತ್ತರ ದಶಕದ ಬ್ರಿಟಿಷ್ ರೋಡ್‌ಸ್ಟರ್‌ಗಳ ಸೊಗಸನ್ನು ಅವುಗಳ ರಗಳೆಯಿಲ್ಲದೆ ಕೊಡಬೇಕೆಂಬುದು ಇದರ ಹಿಂದಿನ ಆಲೋಚನೆ. 2016ರ ಏಪ್ರಿಲಿನಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರೆಂದು ಗಿನ್ನೆಸ್ ದಾಖಲೆಯಲ್ಲೂ ಹೆಸರಿದೆ. ಇಷ್ಟು ಸಂಖ್ಯೆಯಲ್ಲಿ ಇರುವುದರಿಂದ ಇದರ ಒಂದೊಂದು ಕಾಯಿಲೆಯೂ ಮೆಕ್ಯಾನಿಕ್‌ಗಳಿಗೆ ಬಾಯಿಪಾಠ. ನಾಲ್ಕು ಪೀಳಿಗೆಗಳಿವೆ: 1989ರಿಂದ 1997ರವರೆಗಿನ ಮಡಿಸುವ ಹೆಡ್‌ಲೈಟಿನದು, 1998ರಿಂದ 2005ರದು, 2005ರಿಂದ 2015ರದು, ಆ ಬಳಿಕದ್ದು. ಮುಂದಿನ ಮಾತುಗಳು ಹೆಚ್ಚಾಗಿ ಮೊದಲ ಎರಡಕ್ಕೆ ಅನ್ವಯಿಸುತ್ತವೆ.

ಎಂಜಿನ್ ವಿಷಯದಲ್ಲಿ ಈ ಕಾರು ಗಟ್ಟಿಪಿಂಡ. ಇದನ್ನು ಕೊಲ್ಲುವುದು ತುಕ್ಕು. ಅದರಲ್ಲೂ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಬ್ರಿಟನ್ನಿನಲ್ಲಿ. ಬಾಗಿಲಿನ ಕೆಳಗೆ ಉದ್ದಕ್ಕೂ ಓಡುವ ಪೆಟ್ಟಿಗೆಯಂಥ ಭಾಗವನ್ನು ಅಲ್ಲಿಯ ಗ್ಯಾರೇಜುಗಳಲ್ಲಿ ಸಿಲ್ ಎನ್ನುತ್ತಾರೆ. ಬಟ್ಟೆಯ ಮೇಲ್ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂಬದಿಯ ಎರಡು ಕೊಳವೆಗಳ ಮೂಲಕ ಇಳಿದು ನೆಲಕ್ಕೆ ಹೋಗಬೇಕು. ತರಗೆಲೆ, ಕಸ ಸೇರಿ ಆ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ಲಿನೊಳಗೆ ನಿಲ್ಲುತ್ತದೆ, ಲೋಹ ಒಳಗಿನಿಂದಲೇ ಕೊಳೆಯುತ್ತದೆ. ಹೊರಗೆ ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಒಳಗೆ ತೂತಾಗಿರುತ್ತದೆ. ನೋಡಬೇಕಾದ ಜಾಗ ಹಿಂದಿನ ಚಕ್ರದ ಮುಂದೆ, ಸಿಲ್ಲಿನ ಕೊನೆಯ ಒಂದು ಗೇಣು. ಅಲ್ಲಿ ಬೆರಳ ಗೆಣ್ಣಿನಿಂದ ತಟ್ಟಿದರೆ ಲೋಹದ ಕಣಕಣ ಸದ್ದು ಬರಬೇಕು. ಮಂದ ಸದ್ದು ಬಂದರೆ ಒಳಗೆ ಪುಟ್ಟಿ ಮೆತ್ತಿದೆ ಎಂದೇ ಅರ್ಥ. ಪುಟ್ಟಿಗೆ ಅಯಸ್ಕಾಂತವೂ ಅಂಟುವುದಿಲ್ಲ. ಸೀಟಿನ ಹಿಂದಿನ ಕಾರ್ಪೆಟ್ ಒದ್ದೆಯಾಗಿದ್ದರೆ, ಮುಗ್ಗಲು ವಾಸನೆ ಹೊಡೆದರೆ, ಕೊಳವೆ ಕಟ್ಟಿದೆ ಅಥವಾ ಹರಿದಿದೆ. ಎರಡನೆಯ ಪೀಳಿಗೆಯಲ್ಲಿ ಇನ್ನೊಂದು ರೋಗ ಸೇರಿಕೊಂಡಿತು: ಎಂಜಿನ್ ಕೆಳಗೆ ಮುಂದಕ್ಕೆ ಚಾಚುವ ಛಾಸಿಯ ಎರಡು ತೊಲೆಗಳು ಎರಡು ಪದರದವಾದ್ದರಿಂದ ನಡುವೆ ನೀರು ಸಿಕ್ಕಿಕೊಂಡು ಅಲ್ಲೂ ತುಕ್ಕು ತಿನ್ನುತ್ತದೆ. ಕಾರನ್ನು ಲಿಫ್ಟಿಗೆ ಏರಿಸದೆ ಇದು ಕಾಣುವುದಿಲ್ಲ. ಅಪಘಾತದ ಬಲವನ್ನು ಹೀರಬೇಕಾದ ತೊಲೆ ಅದು, ಹಾಗಾಗಿ ಇದನ್ನು ಬರೀ ಅಂದದ ಪ್ರಶ್ನೆಯೆಂದು ಬಿಡುವಂತಿಲ್ಲ.

ಡಿಕ್ಕಿಯೊಳಗೂ ಇಣುಕಬೇಕು. ಮೊದಲ ಪೀಳಿಗೆಗಳಲ್ಲಿ ತೂಕ ಹೊಂದಿಸಲು ಬ್ಯಾಟರಿಯನ್ನು ಅಲ್ಲಿಟ್ಟಿದ್ದಾರೆ. ಮುಚ್ಚಿದ ಜಾಗವಾದ್ದರಿಂದ ಅನಿಲ ಹೊರಹೋಗುವ ಕೊಳವೆಯಿರುವ ವಿಶೇಷ ಬ್ಯಾಟರಿಯೇ ಬೇಕು. ಹಣ ಉಳಿಸಲು ಸಾಮಾನ್ಯ ಬ್ಯಾಟರಿ ಕೂರಿಸಿದ್ದರೆ ಆಸಿಡ್ ಆವಿ ಸುತ್ತಲಿನ ತಗಡನ್ನು ತಿಂದಿರುತ್ತದೆ. ಹಿಂದಿನ ಮಾಲೀಕ ಎಂಥವನು ಎಂಬುದನ್ನು ತಿಳಿಯಲು ಈ ಒಂದು ಬ್ಯಾಟರಿ ಸಾಕು. ಅಗ್ಗದ ಬ್ಯಾಟರಿ ಹಾಕಿದವನು ಎಂಜಿನ್ ಆಯಿಲಿನಲ್ಲಿ ಧಾರಾಳಿಯಾಗಿರುವ ಸಂಭವ ಕಡಿಮೆ.

ಬಾನೆಟ್ ತೆರೆದರೆ ಮೊದಲು ಕೇಳಬೇಕಾದದ್ದು ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು. ಸುಮಾರು 1,00,000 ಕಿಲೋಮೀಟರಿಗೊಮ್ಮೆ ಇದನ್ನು ಬದಲಿಸಬೇಕು. 1.6 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವುಗಳಿಗೆ ಪಿಸ್ಟನ್ ಬಡಿಯುವುದಿಲ್ಲ, ಕಾರು ನಿಂತುಹೋಗುತ್ತದೆ ಅಷ್ಟೆ. ಆದರೆ ಈ ಕೆಲಸವೇ ಇನ್ನೊಂದು ಅಪಾಯಕ್ಕೆ ದಾರಿ ಮಾಡಿದೆ. ಉತ್ಪಾದನೆ ಶುರುವಾದಾಗಿನಿಂದ 1991ರ ಮೊದಲ ಭಾಗದವರೆಗಿನ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂತಿ ಗಿಡ್ಡ. ಬೆಲ್ಟ್ ಬದಲಿಸುವಾಗ ಅದರ ತಲೆಯ ಬೋಲ್ಟನ್ನು ಹೇಳಿದಷ್ಟು ಬಿಗಿ ಮಾಡದಿದ್ದರೆ ಬೆಲ್ಟಿನ ಹಲ್ಲುಚಕ್ರವನ್ನು ಹಿಡಿದಿಡುವ ಕೀಲಿ ಸವೆದು, ಮೂತಿಯೇ ಹಾಳಾಗುತ್ತದೆ. ಆಮೇಲೆ ಎಂಜಿನ್ ಬಿಚ್ಚುವುದೇ ಗತಿ. ಮುಂಭಾಗದ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಸುಧಾರಿಸಿದ ಉದ್ದ ಮೂತಿ. ಎಂಜಿನ್ ಓಡುತ್ತಿರುವಾಗ ಪುಲ್ಲಿಯನ್ನು ಮೇಲಿನಿಂದ ದಿಟ್ಟಿಸಿ ನೋಡಬೇಕು. ಅದು ತೊಯ್ದಾಡಿದರೆ ಮಾತುಕತೆ ಅಲ್ಲಿಗೆ ಮುಗಿಯಿತು. ಮೂವತ್ತೈದು ವರ್ಷ ಬಾಳಿದ ಗಿಡ್ಡ ಮೂತಿಯ ಎಂಜಿನ್ ಹೆಚ್ಚಾಗಿ ಸರಿಯಾದ ಕೈಗಳಿಗೆ ಬಿದ್ದದ್ದೇ ಆಗಿರುತ್ತದೆ, ಆದ್ದರಿಂದ ನಾಲ್ಕು ಸೀಳು ಕಂಡೊಡನೆ ಓಡಿಹೋಗಬೇಕಾಗಿಲ್ಲ.

ಕೆಲವು ಸದ್ದುಗಳು ಹೆದರಿಸುತ್ತವೆ, ಕೆಡಿಸುವುದಿಲ್ಲ. ಮೊದಲ ಪೀಳಿಗೆಯ ವಾಲ್ವುಗಳನ್ನು ಒತ್ತುವ ಹೈಡ್ರಾಲಿಕ್ ಲಿಫ್ಟರುಗಳು ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎನ್ನುತ್ತವೆ. ಆಯಿಲ್ ಹಳತಾಗಿದ್ದರೆ ಇನ್ನೂ ಜೋರು. ಬಿಸಿಯಾದ ಮೇಲೆ ಅಡಗಿದರೆ ಚಿಂತೆಯಿಲ್ಲ, ಆದರೆ ಮುಖ ಗಂಟುಹಾಕಿಕೊಂಡು ಬೆಲೆ ಇಳಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಹಾಗೆಯೇ ಎಂಜಿನ್ ಹಿಂಬದಿಯಲ್ಲಿ ಕ್ಯಾಮ್ ಸೆನ್ಸರಿನ ರಬ್ಬರ್ ಉಂಗುರ ಗಟ್ಟಿಯಾಗಿ ಆಯಿಲ್ ಜಿನುಗುವುದೂ, ಕ್ಲಚ್ಚಿನ ಕೆಳಗಿನ ಸಿಲಿಂಡರ್ ಸೋರಿ ಪೆಡಲ್ ಮೆತ್ತಗಾಗುವುದೂ ಅಗ್ಗದ ರಿಪೇರಿಗಳು. ಕಾರಿನ ನಡುವೆ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಶಿಯಲನ್ನೂ ಜೋಡಿಸುವ ಅಲ್ಯೂಮಿನಿಯಂ ಚೌಕಟ್ಟಿದೆ. ಗೊತ್ತಿಲ್ಲದ ಕೆಲಸಗಾರ ಅದಕ್ಕೇ ಜಾಕ್ ಕೊಟ್ಟು ಎತ್ತಿದ್ದರೆ ಬಾಗಿರುತ್ತದೆ. ಲಿಫ್ಟಿನ ಕೆಳಗೆ ನಿಂತಾಗ ಅದನ್ನೊಮ್ಮೆ ಕಣ್ಣಳತೆಯಲ್ಲಿ ನೋಡಿಬಿಡಬೇಕು.

ಗುದ್ದಿಸಿಕೊಂಡ ಕಾರಿನ ಗುರುತು ಹಿಡಿಯುವ ಬಗೆ ಎಲ್ಲ ಕಾರುಗಳಿಗೂ ಒಂದೇ. ಬಾಗಿಲು, ಬಾನೆಟ್, ಡಿಕ್ಕಿಗಳ ಅಂಚಿನ ಸಂದು ಎರಡೂ ಬದಿಯಲ್ಲಿ ಸಮನಾಗಿರಬೇಕು. ಮುಂದಿನ ಮಡ್‌ಗಾರ್ಡುಗಳನ್ನು ಹಿಡಿದಿರುವ ಬೋಲ್ಟಿನ ತಲೆಯಲ್ಲಿ ಸ್ಪ್ಯಾನರಿನ ಗಾಯವಿದ್ದರೆ ಅದನ್ನು ಬಿಚ್ಚಿದ್ದಾರೆ. ರಬ್ಬರ್ ಪಟ್ಟಿಯ ಮೇಲೆ ಬಣ್ಣದ ಸಿಂಪಡಿಕೆ ಕಂಡರೆ ಟಿಂಕರಿಂಗ್, ಪೇಂಟಿಂಗ್ ಆಗಿದೆ. ಬಣ್ಣದ ದಪ್ಪ ಅಳೆಯುವ ಕೈಗಾತ್ರದ ಸಾಧನ ಈಗ ಸುಲಭಕ್ಕೆ ಸಿಗುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ, ಪುಟ್ಟಿ ಮೆತ್ತಿದ ಕಡೆ ಅದರ ಹಲವು ಪಟ್ಟು ತೋರಿಸುತ್ತದೆ. ಅಮೆರಿಕಕ್ಕೆ ಹೋದ ಹಲವು ಮಿಯಾಟಾಗಳಲ್ಲಿ ಬಾಡಿಯ ಒಂದೊಂದು ಭಾಗಕ್ಕೂ ಛಾಸಿ ಸಂಖ್ಯೆಯ ಚೀಟಿ ಅಂಟಿಸಿರುವುದರಿಂದ ಅಲ್ಲಿ ಕೆಲಸ ಇನ್ನೂ ಸುಲಭ. ಚೀಟಿ ಇಲ್ಲದ ಬಾಗಿಲು ಎಲ್ಲಿಂದ ಬಂತೆಂದು ಕೇಳಬೇಕು.

ಓಡಿಸಿ ನೋಡುವುದು

ಮಾರುವವನಿಗೆ ಮುಂಚೆಯೇ ಹೇಳಬೇಕಾದ ಮಾತೊಂದಿದೆ: ನಾವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ. ಹೋದೊಡನೆ ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಓಡಿಸಿ ನಿಲ್ಲಿಸಿದ್ದಾರೆ ಎಂದುಕೊಳ್ಳಲು ಕಾರಣವುಂಟು. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಅರ್ಧ ನಿಮಿಷ ಮುಂದಿನ ಅರ್ಧ ಗಂಟೆಗಿಂತ ಹೆಚ್ಚು ಹೇಳುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಕರಿ ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿದೆ. ನೀಲಿ ಹೊಗೆ ಯಾವಾಗ ಬಂತೆಂಬುದೂ ಮುಖ್ಯ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೆ ವಾಲ್ವಿನ ಸೀಲುಗಳು ಸವೆದಿವೆ, ಒತ್ತಿ ಏರುವಾಗ ಒಂದೇ ಸಮನೆ ಬಂದರೆ ಪಿಸ್ಟನ್ ರಿಂಗುಗಳು. ಮೊದಲನೆಯದು ಸಹಿಸಬಹುದಾದ ಖರ್ಚು.

ಮೊದಲ ಸುತ್ತು ಮಾಲೀಕನೇ ಓಡಿಸಲಿ. ಪಕ್ಕದ ಸೀಟಿನಲ್ಲಿ ಕೂತವನಿಗೆ ಕಾರಿನ ಜೊತೆಗೆ ಅದನ್ನು ಸಾಕಿದವನೂ ಕಾಣುತ್ತಾನೆ. ಆಯಿಲ್ ಬಿಸಿಯಾಗುವ ಮುನ್ನವೇ ಕೆಂಪು ಗೆರೆಯವರೆಗೆ ಎಳೆಯುವವನು ದಿನವೂ ಹಾಗೆಯೇ ಎಳೆದಿರುತ್ತಾನೆ. ತನ್ನ ಸರದಿ ಬಂದಾಗ ರೇಡಿಯೋ ಆರಿಸಿ, ಮಾತು ನಿಲ್ಲಿಸಿ, ವೇಗದ ಗೊಡವೆಗೆ ಹೋಗದೆ ಓಡಿಸಬೇಕು. ಎಂಎಕ್ಸ್-5ರಲ್ಲಿ ತಣ್ಣಗಿರುವಾಗ ಎರಡನೆಯ ಗೇರ್ ಬಿಗಿಯಾಗಿ ಕೂರುವುದು ಅದರ ಸ್ವಭಾವ. ಬಿಸಿಯಾದ ಮೇಲೂ ಕರಕರ ಎಂದರೆ ಸಿಂಕ್ರೋ ಸವೆದಿದೆ. ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಒಮ್ಮೆಲೇ ಪೂರ್ತಿ ಒತ್ತಿದರೆ ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ತಿರುವಿನಲ್ಲಿ ಜೋರಾಗಿ, ಎದುರು ತಿರುವಿನಲ್ಲಿ ಅಡಗುವ ಗುಂಯ್‌ಗುಡುವಿಕೆ ಚಕ್ರದ ಬೇರಿಂಗಿನದು. ಖಾಲಿ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯಬಾರದು, ಸ್ಟಿಯರಿಂಗ್ ನಡುಗಬಾರದು. ತೆರೆದ ಕಾರುಗಳು ಕೆಟ್ಟ ರಸ್ತೆಯಲ್ಲಿ ಸ್ವಲ್ಪ ಅದುರುವುದು ಸಹಜ. ಅದನ್ನು ದೋಷವೆಂದು ಬಗೆಯಬಾರದು. ಬಾಗಿಲು ಕಿರುಗುಟ್ಟುವಷ್ಟು ಅದುರಿದರೆ ಮಾತ್ರ ಸಿಲ್ಲನ್ನು ಇನ್ನೊಮ್ಮೆ ನೋಡಬೇಕು.

ಟೈರುಗಳ ಸಾಕ್ಷ್ಯವನ್ನು ತಿರುಚುವುದು ಕಷ್ಟ. ಟೈರಿನ ಬದಿಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೆಯ ವಾರ. ನಾಲ್ಕು ಚಕ್ರಗಳಿಗೆ ನಾಲ್ಕು ಕಂಪನಿಯ ಅಗ್ಗದ ಟೈರು ಹಾಕಿದ ಸ್ಪೋರ್ಟ್ಸ್ ಕಾರಿನ ಸರ್ವಿಸ್ ಪುಸ್ತಕ ಎಷ್ಟೇ ಚೊಕ್ಕಟವಾಗಿದ್ದರೂ ನಂಬುವಂತಿಲ್ಲ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ, ಇಲ್ಲವೇ ಕಾರನ್ನು ಸ್ಪ್ರಿಂಗ್ ಬದಲಿಸಿ ತಗ್ಗಿಸಿದ್ದಾರೆ. ನೀಲಿಗಟ್ಟಿದ ಬ್ರೇಕ್ ಡಿಸ್ಕು, ಚಕ್ರದ ಗೂಡಿನಲ್ಲಿ ಅಂಟಿದ ರಬ್ಬರ್ ಚೂರು, ಸೀಟಿನ ಹಿಂದೆ ಬೆಲ್ಟ್ ಕಟ್ಟಲು ಕೊರೆದ ತೂತು, ಇವು ಟ್ರ್ಯಾಕಿನ ಗುರುತುಗಳು. ಟ್ರ್ಯಾಕಿಗೆ ಹೋದದ್ದು ಅಪರಾಧವಲ್ಲ. ಹೋಗಿಲ್ಲವೆಂದು ಹೇಳಿದ್ದು ಅಪರಾಧ.

ಪೋರ್ಶೆ ಮತ್ತಿತರ ಕಾರುಗಳು

ಟೆಸ್ಟ್ ಡ್ರೈವಿನ ಮಿತಿ ಎಷ್ಟೆಂಬುದಕ್ಕೆ ಪೋರ್ಶೆ ಬಾಕ್ಸ್‌ಸ್ಟರ್ ಒಳ್ಳೆಯ ಸಾಕ್ಷಿ. 1996ರಲ್ಲಿ ಬಂದ ಬಾಕ್ಸ್‌ಸ್ಟರ್ ಹಾಗೂ ಅದರ ಹಿಂದೆಯೇ ಬಂದ, ನೀರಿನಿಂದ ತಣಿಯುವ ಮೊದಲ 911 ಕಾರಿನ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವ ಮಧ್ಯಂತರ ಶಾಫ್ಟ್ ಒಂದಿದೆ. ಅದರ ತುದಿಯ ಬೇರಿಂಗ್ ಮುರಿದರೆ ಪಿಸ್ಟನ್ನುಗಳೂ ವಾಲ್ವುಗಳೂ ತಾಳ ತಪ್ಪಿ ಡಿಕ್ಕಿ ಹೊಡೆದು ಎಂಜಿನ್ ಪೂರ್ತಿ ನಾಶ. ಮುರಿಯುವ ಹಿಂದಿನ ದಿನವೂ ಕಾರು ಸೊಗಸಾಗಿ ಓಡುತ್ತಿರಬಹುದು. ಮೊದಮೊದಲಿನ ಎರಡು ಸಾಲು ಗುಂಡಿನ ಬೇರಿಂಗಿಗಿಂತ ಆಮೇಲಿನ ಒಂದೇ ಸಾಲಿನದು ಹೆಚ್ಚು ಕೈಕೊಟ್ಟಿತು. ಅಮೆರಿಕದಲ್ಲಿ ಈ ಕುರಿತು ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಗೇರ್‌ಬಾಕ್ಸ್ ಇಳಿಸಿದಾಗಲಷ್ಟೇ ಬೇರಿಂಗ್ ಕೈಗೆಟಕುವುದರಿಂದ ತಿಳಿದವರು ಕ್ಲಚ್ ಬದಲಿಸುವಾಗಲೇ ಅದನ್ನೂ ಬದಲಿಸುತ್ತಾರೆ. ಕೊಳ್ಳುವವನು ಹುಡುಕಬೇಕಾದ್ದು ಆ ಬಿಲ್ಲನ್ನು. ಇಲ್ಲದಿದ್ದರೆ ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಚ್ಚಿ, ಮಡಿಕೆಗಳಲ್ಲಿ ಲೋಹದ ಮಿನುಗು ಇದೆಯೇ ಎಂದು ನೋಡುವುದು ಉಳಿದ ದಾರಿ. 911ರ ಟರ್ಬೋ, ಜಿಟಿ3 ಮಾದರಿಗಳ ಎಂಜಿನ್ ಬೇರೆಯದಾದ್ದರಿಂದ ಅವಕ್ಕೆ ಈ ಭಯವಿಲ್ಲ.

ಪೋರ್ಶೆಯ ಕಂಪ್ಯೂಟರ್ ಇನ್ನೊಂದು ಗುಟ್ಟನ್ನೂ ಬರೆದಿಟ್ಟುಕೊಂಡಿರುತ್ತದೆ: ಎಂಜಿನ್ ಮಿತಿ ಮೀರಿ ಎಷ್ಟು ಬಾರಿ ಸುತ್ತಿದೆ, ಎಂಜಿನ್ ಓಡಿದ ಒಟ್ಟು ಗಂಟೆಯಲ್ಲಿ ಅದು ಎಂದು ನಡೆಯಿತು ಎಂಬುದು. ಐದನೆಯ ಗೇರಿನಿಂದ ನಾಲ್ಕಕ್ಕೆಂದು ಹೊರಟು ಕೈತಪ್ಪಿ ಎರಡಕ್ಕೆ ಹಾಕಿದವನ ಕಥೆ ಅಲ್ಲಿ ಅಳಿಯದೆ ಉಳಿದಿರುತ್ತದೆ. ಕಂಪನಿಯ ಅಥವಾ ಪೋರ್ಶೆ ತಜ್ಞರ ಗ್ಯಾರೇಜಿನಲ್ಲಿ ಈ ವರದಿ ತೆಗೆಸಬಹುದು. 1996ರಿಂದ ಅಮೆರಿಕದಲ್ಲಿ ಕಡ್ಡಾಯವಾದ ಓಬಿಡಿ-2 ಸೌಲಭ್ಯವಿರುವ ಯಾವ ಕಾರಿಗಾದರೂ ಸಾಮಾನ್ಯ ಸ್ಕ್ಯಾನರ್ ಹಚ್ಚಿ ದೋಷಸಂಕೇತ ಓದಬಹುದು. ಸಂಕೇತ ಒಂದೂ ಇಲ್ಲದೆ, ಕಾರಿನ ಸ್ವಯಂಪರೀಕ್ಷೆಗಳು ಇನ್ನೂ ಪೂರ್ತಿಯಾಗಿಲ್ಲ ಎಂದು ತೋರಿಸಿದರೆ ಎಚ್ಚರವಾಗಬೇಕು: ಯಾರೋ ಸ್ವಲ್ಪ ಹೊತ್ತಿನ ಹಿಂದಷ್ಟೇ ಸಂಕೇತಗಳನ್ನು ಅಳಿಸಿರಬಹುದು.

ಮಿಕ್ಕವುಗಳಿಗೂ ಅವುಗಳದೇ ಮರ್ಮಸ್ಥಾನಗಳಿವೆ. ಮಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ. ಒಂದೊಂದು ರೋಟರಿನ ಮೂರು ಮುಖಗಳ ಒತ್ತಡವನ್ನೂ ಬೇರೆಬೇರೆಯಾಗಿ ಅಳೆಯುವ ಸಾಧನ ಬೇಕು. ಅದಕ್ಕೂ ಮುಂಚೆ, ಚೆನ್ನಾಗಿ ಬಿಸಿಯಾದ ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡುವುದು ಹಣ ಖರ್ಚಿಲ್ಲದ ಪರೀಕ್ಷೆ. ಎಳೆದಾಡಿದರೆ ರೋಟರಿನ ಸೀಲುಗಳು ಮುಗಿದಿವೆ. 2000ದಿಂದ 2006ರವರೆಗಿನ ಬಿಎಂಡಬ್ಲ್ಯು ಎಂ3ರಲ್ಲಿ ಹಿಂದಿನ ಸಬ್‌ಫ್ರೇಮ್ ಕೂರುವ ಕಡೆ ಬಾಡಿಯ ತಗಡೇ ಬಿರಿಯುತ್ತದೆ.

ಕಾಗದಪತ್ರ

ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಎಂಓಟಿ ಎಂಬ ಪರೀಕ್ಷೆಗೆ ಹೋಗಬೇಕು. ಅದರ ಚರಿತ್ರೆಯನ್ನು ನೋಂದಣಿ ಸಂಖ್ಯೆ ಹಾಕಿ ಯಾರೂ ಪುಕ್ಕಟೆಯಾಗಿ ನೋಡಬಹುದು. ಪ್ರತಿ ವರ್ಷದ ಮೀಟರ್ ಅಂಕಿ ಅಲ್ಲಿರುವುದರಿಂದ ಮೀಟರ್ ತಿರುಗಿಸಿದ್ದರೆ ಸಿಕ್ಕಿಬೀಳುತ್ತದೆ. ಒಂದು ವರ್ಷ ಸಿಲ್ ತುಕ್ಕು ಹಿಡಿದಿದೆ ಎಂದು ಎಚ್ಚರಿಸಿ, ಮರುವರ್ಷ ಆ ಮಾತೇ ಇಲ್ಲದಿದ್ದರೆ, ನಡುವೆ ವೆಲ್ಡಿಂಗ್ ಮಾಡಿಸಿದ ಬಿಲ್ಲಿದೆಯೇ, ಬರೀ ಪುಟ್ಟಿಯೇ ಎಂದು ಕೇಳಬೇಕು. ಜಪಾನಿನಿಂದ ಆಮದಾದ ಯೂನೋಸ್‌ಗಳಲ್ಲಿ ಮೀಟರ್ ಮೊದಲು ಕಿಲೋಮೀಟರಿನಲ್ಲಿದ್ದು ಆಮೇಲೆ ಮೈಲಿಗೆ ಬದಲಾಗಿರುತ್ತದೆ. ಅಂಕಿಗಳು ಕಲಸಿಹೋದ ಮಾತ್ರಕ್ಕೆ ಮೋಸವೆನ್ನಲಾಗದು. ಬ್ರಿಟನ್ನಿನಲ್ಲಿ ವಿಮೆಯವರು ಕೈಬಿಟ್ಟ ಕಾರುಗಳನ್ನು 2017ರ ಅಕ್ಟೋಬರಿನಿಂದ ಎ, ಬಿ, ಎಸ್, ಎನ್ ಎಂದು ವಿಂಗಡಿಸುತ್ತಾರೆ. ಎಸ್ ಎಂದರೆ ಚೌಕಟ್ಟಿಗೇ ಪೆಟ್ಟಾಗಿದ್ದರೂ ರಿಪೇರಿ ಮಾಡಬಹುದಾದದ್ದು. ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ದೋಷವಿರುವ ಕಾರನ್ನು 30 ದಿನದೊಳಗೆ ಹಿಂದಿರುಗಿಸಬಹುದು. ಖಾಸಗಿ ಮಾಲೀಕನಿಂದ ನೇರವಾಗಿ ಕೊಂಡರೆ ಈ ಆಸರೆಯಿಲ್ಲ. ಅಮೆರಿಕದಲ್ಲಿ ವ್ಯಾಪಾರಿಯು ಗ್ಯಾರಂಟಿ ಉಂಟೋ ಇಲ್ಲವೋ ಎಂಬ ಚೀಟಿಯನ್ನು ಕಾರಿನ ಮೇಲೆ ಅಂಟಿಸಬೇಕೆಂಬ ನಿಯಮ 1985ರಿಂದ ಇದೆ.

ಎಂಎಕ್ಸ್-5 ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಿಲ್ಲ. ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಷೋರೂಮುಗಳಲ್ಲಿ ಕಾಣುವುದು ಪೋರ್ಶೆ, ಬಿಎಂಡಬ್ಲ್ಯು, ಆಡಿಗಳಂಥವು. ಇಲ್ಲಿ ರಸ್ತೆಯ ಉಪ್ಪಿಲ್ಲ, ಹಾಗಾಗಿ ತುಕ್ಕಿನ ಭಯ ಕಡಿಮೆ. ಆದರೆ ರಸ್ತೆಯ ಹಂಪುಗಳು ತಗ್ಗಾದ ಕಾರಿನ ಹೊಟ್ಟೆಯನ್ನು ಕೆರೆದುಬಿಡುತ್ತವೆ. ಲಿಫ್ಟಿಗೆ ಏರಿಸಿ ಆಯಿಲ್ ಸಂಪನ್ನೂ ಮುಂದಿನ ಬಂಪರಿನ ಕೆಳ ತುಟಿಯನ್ನೂ ನೋಡುವುದು ಅನಿವಾರ್ಯ. ವರ್ಷವಿಡೀ ಬೇಸ್‌ಮೆಂಟಿನಲ್ಲಿ ನಿಂತ ಕಾರು ಕಡಿಮೆ ಓಡಿದೆಯೆಂದು ಹಿಗ್ಗುವಂತಿಲ್ಲ: ಇಲಿ, ಹೆಗ್ಗಣ ಕಡಿದ ವೈರುಗಳ ರಿಪೇರಿಗೆ ಲಕ್ಷಗಟ್ಟಲೆ ಹೋಗಬಹುದು. ಇನ್ನೊಂದು ಭಯ ನೆರೆನೀರಿನದು. 2022ರ ಸೆಪ್ಟೆಂಬರಿನ ಮಳೆಗೆ ಯಮಲೂರಿನ ಕಡೆ ಐಷಾರಾಮಿ ಕಾರುಗಳು ಮನೆಯಂಗಳದಲ್ಲೇ ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಮಣ್ಣಿನ ಗೆರೆ ಕಾಣಬಹುದು. ಸೀಟಿನ ಬೋಲ್ಟು, ಕಾರ್ಪೆಟ್ಟಿನ ಅಡಿ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಇವನ್ನು ಒರೆಸಲು ಯಾರಿಗೂ ತಾಳ್ಮೆಯಿರುವುದಿಲ್ಲ.

ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ಹೈಪೋಥಿಕೇಶನ್ ತೆಗೆಸಿದ್ದಾರೆಯೇ ಎಂಬುದನ್ನು ಸಾರಿಗೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ನೋಡಬಹುದು. ಸಾಲ ತೀರಿದ್ದರೆ ಫಾರಂ 35, ಬೇರೆ ಕಡೆಯ ಕಾರಾದರೆ ಎನ್‌ಒಸಿಯ ಫಾರಂ 28, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ವಿಮಾ ಪಾಲಿಸಿಯ ನೋ ಕ್ಲೇಮ್ ಬೋನಸ್ಸನ್ನೂ ಓದಬೇಕು: ಐದು ವರ್ಷ ಒಂದೂ ಕ್ಲೇಮ್ ಮಾಡದವನಿಗೆ ಅದು ಶೇಕಡಾ 50 ಇರುತ್ತದೆ, ಒಬ್ಬನೇ ಮಾಲೀಕನ ಹಳೆಯ ಕಾರಿನಲ್ಲಿ ಅದು ಸೊನ್ನೆಯಾಗಿದ್ದರೆ ಹಿಂದಿನ ವರ್ಷ ಏನಾಯಿತೆಂದು ಕೇಳುವುದು ನ್ಯಾಯ. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಅದನ್ನು ತಪ್ಪಿಸಲು ಪುದುಚೇರಿಯಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುವ ದುಬಾರಿ ಕಾರುಗಳನ್ನು ಇಲ್ಲಿಯ ಸಾರಿಗೆ ಅಧಿಕಾರಿಗಳು ಹಲವು ಬಾರಿ ಹಿಡಿದಿದ್ದಾರೆ. ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನಂತೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿರುವ ವಾಹನಕ್ಕೆ ಅಲ್ಲಿಯ ನೋಂದಣಿ ಬೇಕು. ಅಗ್ಗವೆಂದು ಕಂಡ ಪುದುಚೇರಿ ಕಾರಿನ ಬೆಲೆಗೆ ಈ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಸೇರಿಸಿದ ಮೇಲೆ ಇಲ್ಲಿಯದೇ ನೋಂದಣಿಯ ಕಾರಿಗಿಂತ ಅದು ಹೆಚ್ಚಾಗುವುದೂ ಉಂಟು.